ಎಡಗೈ ಮೇಳ

ಕುಷ್ಟಗಿ ಹಳೇ ಬಸ್‌ಸ್ಟ್ಯಾಂಡಿನ ಹಿಂದ
ಎರಡು ಕುರ್ಚಿ, ಒಂದು ಉದ್ದನ್ನ ಕನ್ನಡಿ, ನನ್ನ ಅಂಗಡಿ.
ಅಲಾಯಿ ಹಬ್ಬದ ಒಂಬತ್ತನೇ ದಿನ ಇಲ್ಲಿ ಕಟಿಂಗ್ ಬಂದ್.
ಹುಲಿ ಆಗೋರು ಸಾಲಾಗಿ ಕುಂತಿರ್ತಾರ,
ಕೂದಲಿದ್ದ ಎದಿಗೆ ಹಳದಿ ಹತ್ತೂದಿಲ್ಲ.
ನಾ ಬೋಳಸ್ತೀನಿ, ರಾಜೇಸಾಬ ಬಳೀತಾನ.
ಮೂವತ್ತೊಂದು ವರ್ಷ ಇದ ನಡದೈತಿ.

ಉಳಿದ ದಿನ ಅವಂದು
ಲಾರಿ ಹಿಂದ ನಂಬರು, ಗೊಬ್ಬರದ ಅಂಗಡಿ ಬೋರ್ಡು,
ಕೆರಿ ಗ್ವಾಡಿಗೆ ‘ಈಸಬಾರದು’.
ಫ್ಲೆಕ್ಸ್ ಬಂದವು. ಈಗ ಬರೇ ನಂಬರು.

ಹತ್ತನೇ ದಿನ ಸಂಜಿಗೆ, ದೇವರು ಹೊಳಿಗೆ ಹೋದ ಮ್ಯಾಲ,
ಯಮನೂರಪ್ಪನ ಬೆನ್ನಿಗೆ ಸೀಮೆಎಣ್ಣಿ ಹಚ್ಚಿ ತಿಕ್ಕಿದರ
ಒಂದೊಂದ ಪಟ್ಟಿ ಕಳಚಿ ಬಚ್ಚಲಕ್ಕ ಹೋಗ್ತಾವ.
“ನನ್ನ ಛಲೋ ಕೆಲಸೆಲ್ಲಾ ನಿಮ್ಮ ಗಟಾರದಾಗ ಐತಿ”
ಅಂತಿದ್ದ ಅವ, ಬ್ರಷ್ಷಿನ ತುದಿ ತುಟಿಯಾಗ ಹಿಡಿದು.

ಈ ಸಲ ಹಬ್ಬ ಮುಗದು ತಿಂಗಳಿಗೆ
ಪ್ಲೈವುಡ್ ಒಂದು ಹೊತಗೊಂಡು ಬಂದ.
ಮುಚ್ಚಿದ ಟಾಕೀಜಿನ ಬೋರ್ಡು ಅದು,
ಮುಂದ ಯಾವನೋ ಹೀರೋನ ಅರ್ಧ ಮೀಸಿ,
ಹಿಂದ ನಮ್ಮ ಮೇಳ.

ಹುಲಿ ಹಲಗಿ ಬಡೀತೈತಿ.
ಗೋಣಿತಟ್ಟಿನ ಕರಡಿ ಸೊಂಟಕ್ಕ ತಾಸೆ.
ಹೆಂಡತಿ ಮದುವಿ ಸೀರಿ ಉಟಗೊಂಡು ಕನಕಪ್ಪ
ಸನಾದಿ ಊದಾಕ ಗಲ್ಲ ಉಬ್ಬಿಸ್ಯಾನ,
ಒತ್ತುಮೂಗುತಿ ಇನ್ನೇನು ಹಾರತೈತಿ.
ಕಡಿಗೊಬ್ಬ ಅಚ್ಚೊಳ್ಳಿ, ಮೈತುಂಬ ಮಸಿ, ಬಿಳಿ ಚುಕ್ಕಿ,
ಪೇಪರಿನ ಚೂಪು ಟೊಪಗಿ,
ಬಾಯಿ ಬಿಟ್ಟಾನ, ಬೈಗುಳೋ ಹಾಡೋ ತಿಳಿಯಂಗಿಲ್ಲ.
ಇಷ್ಟು ಕಾಲಿಗೆ ನೆಲಾನ ಇಲ್ಲ,
ಬೋರ್ಡಿಗೆ ಮೊದಲು ಬಳಿಯೋ ಅಸ್ತರ ಹಂಗ ಬಿಟ್ಟಾನ;
ನೋಡಿದರ ಧೂಳು.

ಯಮನೂರಪ್ಪ ಬಂದ. ನೋಡಿದ. ಬೀಡಿ ಆರಿತು.
“ಏ ರಾಜಾ, ನಾ ಎಡಚ ಏನಲೇ?
ದಪ್ಪ ಕೋಲು ಎಡಗೈಯಾಗ ಕೊಟ್ಟೀಯಲ್ಲ.”
ಕನಕಪ್ಪ ಬಗ್ಗಿ ಬೆರಳು ಎಣಿಸಿದ:
“ಮ್ಯಾಲಿನ ತೂತಿಗೆ ಬಲಗೈ! ಹಿಂಗ ಊದಿದರ
ನಮ್ಮಪ್ಪ ಕುಣ್ಯಾಗಿಂದ ಎದ್ದು ಬರತಾನ.”
ಕರಡಿ ಎಡಗಾಲಿನ ಬ್ಯಾಂಡೇಜು ಬಲಗಾಲಿಗೆ ಹೋಗಿತ್ತು.
ಹಲಗಿ ಮ್ಯಾಲ ಬರದ ಊರ ಹೆಸರು ಪೂರಾ ಉಲ್ಟಾ,
ಅಕ್ಷರ ಬರದ ಹೊಟ್ಟಿ ಹೊರದವನ ಕೈಯಾಗ!
ಸಾಲಿ ಹುಡುಗೂರು ಬಿದ್ದು ಬಿದ್ದು ನಕ್ಕವು.

ರಾಜೇಸಾಬ ಟರ್ಪೆಂಟೈನ್ ಬಾಟ್ಲಿಗೆ ಮುಚ್ಚಳ ತಿರುವಿಕೊಂತ ಕುಂತ.

ನನಗ ಹೊಳದದ್ದು ರಾತ್ರಿ, ಕಸ ಹೊಡಿಯೋ ಮುಂದ.
ಬಣ್ಣ ಮುಗದ ಮ್ಯಾಲ ಅವರು ಒಂದು ಸುತ್ತು
ಇಲ್ಲೇ ಕನ್ನಡಿ ಮುಂದ ಬಡದು, ಊದಿ, ನೋಡಿಕೊಂತಾರ.
ಆಮೇಲೆ ಹೋಗ್ತಾರ, ಅಲಾಯಿ ಕುಣಿ ಕಡೆ, ಕೇಕಿ ಹಾಕಿಕೊಂತ.
ರಾಜೇಸಾಬ ಅವರ ಬೆನ್ನ ಹಿಂದ ನಿಂತಿರ್ತಾನ, ಕೈಯಾಗ ಕರಿ ಬ್ರಷ್ಷು.
ಇನ್ನೂ ಹನ್ನೆರಡು ಹುಲಿ ಸರದ್ಯಾಗ ಇರತಾವ.
ಮೂವತ್ತೊಂದು ವರ್ಷದಾಗ ಅವ ಕುಣಿತನಕ ಹೋಗಿಲ್ಲ.
ಆ ಕನ್ನಡಿಯಾಗ ಕಂಡಷ್ಟ ಅವನ ಹಬ್ಬ.

ಮುಂಜಾನೆ ಎದುರಿನ ಗ್ವಾಡಿಗೆ, ಬೆಂಚಿನ ಮ್ಯಾಲ,
ನಾಕು ಮೊಳಿ ಹೊಡದು ತೂಗಹಾಕಿದೆ.
ಈಗ ಕುರ್ಚಿಯಾಗ ಕುಂತು ಕೊಳ್ಳಿಗೆ ಬಟ್ಟಿ ಸುತಗೊಂಡವರಿಗೆ
ಹುಲಿ ಬಲಗೈಲೆ ಬಡೀತೈತಿ, ಊರು ಓದಾಕ ಬರತೈತಿ.
ನಿಂತವರಿಗೆ ಇಲ್ಲ.

ಚಿತ್ರದ ಅಂಚಿಗೆ, ಪರದೆ ಮರಿಗೆ, ಒಂದು ಕೈ ಐತಿ, ಕತ್ತಿ ಹಿಡದದ್ದು.
ತಡವಾಗಿ ನೋಡಿದೆ. ನಂದ.
ನಾ ಖರೇನ ಎಡಚ. ನಮ್ಮಪ್ಪ ಬಾಸುಂಡಿ ಬರೂವಂಗ ಬಡದರೂ
ಬಲಕ್ಕ ಹೊಳ್ಳಲಾರದ ಕೈ
ಅಲ್ಲಿ ಬಲಗೈ ಆಗೈತಿ.
ಕನ್ನಡಿಯಾಗ ನೋಡಿದರ ಮತ್ತ ಅದ ಹಳೇ ಕೈ.

ನಿನ್ನೆ ರಾಜೇಸಾಬ ಗಡ್ಡಕ್ಕ ಬಂದ. ಕುಂಡ್ರಿಸಿದೆ.
ರೊಕ್ಕ ಬ್ಯಾಡಂದೆ, ಕೇಳಿಸಿಕೊಳ್ಳಲಿಲ್ಲ,
ಕಣ್ಣು ಕನ್ನಡಿಯಾಗಿನ ಗ್ವಾಡಿ ಮ್ಯಾಲ.
“ಅಲಗಾಡಬ್ಯಾಡ ಮಾರಾಯ, ಕತ್ತಿ ಐತಿ” ಅಂದೆ.
ಕುತ್ತಿಗಿ ಅಲಗಾಡಿರಲಿಲ್ಲ.
ಬಿಳಿ ಬಟ್ಟಿ ಒಳಗ, ತೊಡಿ ಮ್ಯಾಲ, ಏನೋ ಬಡಕೊಂಡಂಗ ಇತ್ತು,
ಒಂದ ಕೈ.
ಯಾವ ಕೈ ಅಂತ ನಾ ಬಟ್ಟಿ ಎತ್ತಿ ನೋಡಲಿಲ್ಲ.